ಮಧ್ಯಾಹ್ನ ಮಲಗುವವರು ಬೇಕಾಗಿದ್ದಾರೆ

ನಮ್ಮ ಊರಿನಲ್ಲಿ ಮಧ್ಯಾಹ್ನ ಒಂದರಿಂದ ಮೂರರವರೆಗೆ ಎಲ್ಲರೂ ಮಲಗುತ್ತಾರೆ. ಹೊರಗಿನಿಂದ ಬಂದವರು ಇದನ್ನು ಸೋಮಾರಿತನ ಎನ್ನುತ್ತಾರೆ, ಸ್ವಲ್ಪ ಓದಿಕೊಂಡವರಾದರೆ ನೆಮ್ಮದಿ ಎನ್ನುತ್ತಾರೆ. ಎರಡೂ ಅಲ್ಲ. ಆ ಹೊತ್ತಿಗೆ ಸಮುದ್ರ ಮನೆಗಳನ್ನು ನೋಡಿಕೊಂಡು ಹೋಗಲು ಬರುತ್ತದೆ. ಒಳಗೆ ಯಾರಾದರೂ ಒಬ್ಬರು ನಿದ್ದೆ ಮಾಡುತ್ತಿದ್ದರೆ ಬೇಲಿಯ ಹತ್ತಿರ ನಿಂತು, ಉಸಿರಾಟ ಕೇಳಿಸಿಕೊಂಡು, ಮುಂದಿನ ಮನೆಗೆ ಹೋಗುತ್ತದೆ. ಎಲ್ಲರೂ ಎಚ್ಚರವಿದ್ದರೆ, ಅಥವಾ ಮನೆಗೆ ಬೀಗ ಹಾಕಿದ್ದರೆ, ಮೆಟ್ಟಿಲು ಹತ್ತಿ ಒಳಗೆ ಬರುತ್ತದೆ. ಕೋಣೆ ಕೋಣೆ ನೋಡುತ್ತದೆ. ಹೋಗುವಾಗ ಏನಾದರೊಂದು ಎತ್ತಿಕೊಂಡು ಹೋಗುತ್ತದೆ. ದೊಡ್ಡ ಆಸೆಯೇನೂ ಅದಕ್ಕಿಲ್ಲ. ಮೊದಲ ದಿನ ಪೊರಕೆ, ಮರುದಿನ ಚೊಂಬು. ಆದರೆ ಹಾಗೇ ಬಿಟ್ಟರೆ ಒಂದು ದಿನ ಹೊಸ್ತಿಲನ್ನೇ ಕಿತ್ತುಕೊಂಡು ಹೋಗುತ್ತದೆ, ಆಮೇಲೆ ಆ ಮನೆಯಲ್ಲಿ ಯಾರೂ ಇರುವುದಿಲ್ಲ. ತೆಂಕುಕೇರಿಯ ಕೊನೆಯಲ್ಲಿ ಅಂಥದ್ದೊಂದು ಇದೆ. ಅಲ್ಲಿ ಈಗ ಏಡಿಗಳು ಸಂಸಾರ ಮಾಡುತ್ತವೆ.

ನಾವು ಇದಕ್ಕೆ ತಲೆ ಕೆಡಿಸಿಕೊಂಡವರಲ್ಲ. ಒಂದು ಗಂಟೆಗೆ ಶಾಲೆಯಲ್ಲಿ ಚಾಪೆ ಹಾಸುತ್ತಾರೆ, ಮೊದಲ ಗೊರಕೆ ಹೆಡ್‌ಮಾಸ್ತರರದೇ. ಪೊಲೀಸ್ ಠಾಣೆಯಲ್ಲಿ ಹಿಡಿದವನೂ ಹಿಡಿಸಿಕೊಂಡವನೂ ಒಂದೇ ಫ್ಯಾನಿನ ಕೆಳಗೆ ಮಲಗುತ್ತಾರೆ. ಹೆಣ್ಣು ನೋಡಲು ಬಂದವರು ಹುಡುಗಿಗೆ ಹಾಡು ಬರುತ್ತದೆಯೇ ಎಂದು ಕೇಳುವುದಿಲ್ಲ, ನಿದ್ದೆ ಹೇಗೆ ಎಂದು ಕೇಳುತ್ತಾರೆ. ನನ್ನ ಅಮ್ಮ ನನಗೆ ಹೆಣ್ಣು ನೋಡಲು ಹೋದಾಗ ಜಲಜಾಕ್ಷಿ ಅಡುಗೆಮನೆಯ ಬಾಗಿಲಲ್ಲಿ, ಬರೀ ನೆಲದ ಮೇಲೆ, ಮಣೆಯೊಂದನ್ನು ತಲೆಗೆ ಕೊಟ್ಟುಕೊಂಡು ಮಲಗಿದ್ದಳಂತೆ. ಅವಳನ್ನು ಎಬ್ಬಿಸುವುದೇ ಬೇಡ ಎಂದು ಅಮ್ಮ ಅಲ್ಲಿಯೇ ಒಪ್ಪಿಗೆ ಕೊಟ್ಟು ಬಂದರು. ಅಮ್ಮನಿಗೆ ಮನುಷ್ಯರ ಬೆಲೆ ಗೊತ್ತಿತ್ತು. ನನಗೆ ಜಾಗದ ಬೆಲೆ ಮಾತ್ರ ಗೊತ್ತಾಯಿತು, ಅದೂ ತಡವಾಗಿ.

ಜಾಗ ಮಾರುವ ಪದ್ಧತಿಯೂ ನಿದ್ದೆಯ ಮೇಲೆಯೇ ನಿಂತಿತ್ತು. ಕೊಳ್ಳುವವನು ಆ ಮನೆಯ ಜಗಲಿಯಲ್ಲಿ ಒಂದು ಮಧ್ಯಾಹ್ನ ನಿದ್ದೆ ಮಾಡಿ ತೋರಿಸಬೇಕು. ನೆರೆಹೊರೆಯವರು ಸುತ್ತ ಕೂತು ನೋಡುತ್ತಾರೆ. ಕಳ್ಳನಿದ್ದೆ ಹಿಡಿಯುವುದಕ್ಕೆ ಕೊಗ್ಗಣ್ಣ ಇದ್ದಾನೆ. ಮಲಗಿದವನ ಕಿವಿಯ ಹತ್ತಿರ ಕೂತು, ಊರಿನ ಒಂದು ಬಿಸಿಬಿಸಿ ಸುದ್ದಿಯನ್ನು ಮೆಲ್ಲನೆ ಪಕ್ಕದವರಿಗೆ ಹೇಳುವುದು ಅವನ ಕೆಲಸ. ಯಾವ ಯಜಮಾನರ ಹಲ್ಲಿನ ಸೆಟ್ಟು ಯಾರ ಮನೆಯ ಬಚ್ಚಲಲ್ಲಿ ಸಿಕ್ಕಿತು ಎನ್ನುವಂಥದ್ದು. ನಿಜವಾಗಿ ನಿದ್ದೆ ಬಂದವನ ರೆಪ್ಪೆ ಅಲುಗುವುದಿಲ್ಲ. ಕಳ್ಳನಿದ್ದೆಯವನು ಯಾರ ಮನೆ ಎಂದು ಬಾಯಿ ಬಿಟ್ಟು ಕೇಳದಿದ್ದರೂ ಉಸಿರು ಹಿಡಿಯುತ್ತಾನೆ. ಅಲ್ಲಿಗೆ ಮಾರಾಟ ಮುಗಿಯಿತು, ಚಹಾ ಕುಡಿದು ಹೋಗಬೇಕು. ಹೀಗಾಗಿ ನಮ್ಮಲ್ಲಿ ಜಾಗ ಕೈ ಬದಲಾಗುವುದೇ ಅಪರೂಪವಾಗಿತ್ತು.

ನಾನು ಆಗ ಬಸ್‌ಸ್ಟ್ಯಾಂಡಿನ ಎದುರು ಹಗ್ಗ, ಕೊಡೆ, ಟಾರ್ಚು ಮಾರುವ ಅಂಗಡಿ ಇಟ್ಟಿದ್ದೆ. ಪ್ರಹ್ಲಾದ ಸರ್ ಬಂದದ್ದು ಕೊಡೆ ಕೊಳ್ಳಲು. ದೊಡ್ಡ ದೊಡ್ಡ ಕಟ್ಟಡಗಳಿಗೆ ಲಿಫ್ಟು ಹಾಕಿಸುವ ಕಂಪನಿ ಅವರದು. ಜನ ಮೇಲೆ ಕೆಳಗೆ ಹೋಗುವುದನ್ನು ನೋಡಿ ನೋಡಿ ಸಾಕಾಗಿದೆ, ಇನ್ನು ಮಟ್ಟಸವಾದ ಜಾಗದಲ್ಲಿ ಆರಾಮವಾಗಿ ಇರಬೇಕು ಎಂದರು. ಆರಾಮ ಎನ್ನುವ ಮಾತನ್ನು ಅವರು ಗಡಿಯಾರ ನೋಡಿಕೊಂಡು ಹೇಳಿದರು. ಇಲ್ಲಿ ಯಾವುದಾದರೂ ಮನೆ ಮಾರಾಟಕ್ಕಿದೆಯೇ ಎಂದು ಕೇಳಿದರು. ಇರಲಿಲ್ಲ. ಆದರೆ ನನ್ನ ನಾಲಿಗೆ "ಉಂಟು" ಎಂದಿತು.

ನಮ್ಮ ಪಕ್ಕದ ಮನೆ ಕುಸುಮಕ್ಕನದು. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಇದ್ದಳು. ಮಾತಾಡಿ ಮಾತಾಡಿ ಅವಳನ್ನು ಒಪ್ಪಿಸಿದೆ. ಪರೀಕ್ಷೆಯ ದಿನ ಪ್ರಹ್ಲಾದ ಸರ್ ರೇಷ್ಮೆಯ ಕಣ್ಣುಪಟ್ಟಿ, ವಿಶೇಷ ದಿಂಬು, ಜೊತೆಗೆ ಅಲೆಯ ಸದ್ದು ಮಾಡುವ ಒಂದು ಯಂತ್ರ ತಂದಿದ್ದರು. ಪಕ್ಕದಲ್ಲೇ ನಿಜವಾದ ಸಮುದ್ರ ಇದೆಯಲ್ಲ ಎಂದದ್ದಕ್ಕೆ, ಅದರ ಸದ್ದು ಒಂದೇ ಸಮ ಇಲ್ಲ ಎಂದರು. ಕುಸುಮಕ್ಕನ ಜಗಲಿಯಲ್ಲಿ ಮಲಗಿದರು. ಕೊಗ್ಗಣ್ಣ ಹಲ್ಲಿನ ಸೆಟ್ಟಿನ ಕಥೆ ಹೇಳಿದ, ರೆಪ್ಪೆ ಅಲುಗಲಿಲ್ಲ. ದೋಣಿಯಲ್ಲಿ ಓಡಿಹೋದವರ ಕಥೆ ಹೇಳಿದ, ಅದಕ್ಕೂ ಇಲ್ಲ. ಕೊನೆಗೆ, ಆಚೆ ಬದಿಯ ಜಾಗ ಇದರ ಅರ್ಧ ಬೆಲೆಗೆ ಹೋಯಿತಂತೆ ಎಂದ. ಪ್ರಹ್ಲಾದ ಸರ್ ಎದ್ದು ಕೂತರು. ಅಷ್ಟರಲ್ಲಿ ಸಮುದ್ರ ಮೆಟ್ಟಿಲು ಹತ್ತಿ ಬಂದು ಅವರ ಒಂದು ಬೂಟು ಎತ್ತಿಕೊಂಡು ಹೋಯಿತು.

ಬೇರೆ ಯಾರಾದರೂ ಆಗಿದ್ದರೆ ಚಹಾ ಕುಡಿದು ಹೋಗುತ್ತಿದ್ದರು. ಇವರು ಒಂದೇ ಕಾಲಿಗೆ ಬೂಟು ಹಾಕಿಕೊಂಡು, ಇದಕ್ಕೆ ಪರಿಹಾರ ಏನು ಎಂದು ನನ್ನ ಮುಖ ನೋಡಿದರು. ಆಗ ನನ್ನ ತಲೆಗೆ ಹೊಳೆಯಿತು. ಸಮುದ್ರಕ್ಕೆ ಬೇಕಾದದ್ದು ಯಾರದೋ ಒಬ್ಬರ ನಿದ್ದೆ. ಅದು ಯಜಮಾನರದೇ ಆಗಬೇಕೆಂದು ಎಲ್ಲಿದೆ? ಕುಸುಮಕ್ಕ ಮನೆ ಮಾರಲಿ, ಮಧ್ಯಾಹ್ನ ಅಲ್ಲಿಯೇ ಮಲಗಲಿ, ಅದಕ್ಕೆ ಸಂಬಳ ತೆಗೆದುಕೊಳ್ಳಲಿ. ಪರೀಕ್ಷೆಯನ್ನೂ ಅವರ ಪರವಾಗಿ ಅವಳೇ ಕೊಡಲಿ. ಕೊಗ್ಗಣ್ಣ ಮೂಗು ಮುರಿದ. ಆದರೆ ಹಾಗೆ ಮಾಡಬಾರದು ಎಂದು ಹಿರಿಯರು ಹೇಳಿದ್ದನ್ನು ಯಾರೂ ಕೇಳಿರಲಿಲ್ಲ, ಏಕೆಂದರೆ ಹಾಗೆ ಮಾಡಬಹುದೆಂದು ಹಿರಿಯರಿಗೆ ಹೊಳೆದೇ ಇರಲಿಲ್ಲ.

ಕುಸುಮಕ್ಕನಿಗೆ ಮನೆಯ ಹೆಸರು ಬರೆದ ಬಿಳಿ ಟೀಶರ್ಟು ಬಂತು, ಸೀರೆಯ ಮೇಲೆ ಹಾಕಿಕೊಂಡಳು. ಕೆಲಸದ ಹೆಸರು ನಿದ್ರಾ ಅಧಿಕಾರಿ. ಅವಳು ಮದುವೆಯಾಗಿ ಬಂದಾಗಿನಿಂದ ಪುಕ್ಕಟೆಯಾಗಿ ಮಾಡಿಕೊಂಡು ಬಂದದ್ದಕ್ಕೆ ಸಂಬಳ ಎಂದಾಗ ಊರಿಗೆ ಊರೇ ಹೊಟ್ಟೆಕಿಚ್ಚು ಪಟ್ಟಿತು. ನಾನು ಹಗ್ಗ ಕೊಡೆಗಳನ್ನು ಮೂಲೆಗೆ ತಳ್ಳಿ ಅಂಗಡಿಗೆ ಹೊಸ ಬೋರ್ಡು ಬರೆಸಿದೆ. 'ಪದ್ಮನಾಭ ಪ್ರಾಪರ್ಟೀಸ್, ನಿಶ್ಚಿಂತ ಬದುಕಿಗೆ ಸಂಪರ್ಕಿಸಿ.' ಅದರ ಕೆಳಗೆ ಚಿಕ್ಕ ಅಕ್ಷರದಲ್ಲಿ, 'ಮಧ್ಯಾಹ್ನ ಮಲಗುವವರು ಬೇಕಾಗಿದ್ದಾರೆ.'

ಆಮೇಲೆ ನೋಡಬೇಕಿತ್ತು. ಒಂದು ಗಂಟೆಯ ರೈಲಿಗೆ ಜನ ಬರುತ್ತಿದ್ದರು, ತಮ್ಮ ಊರಿನಲ್ಲಿ ಗಡಿಬಿಡಿ ಹೆಚ್ಚಾಯಿತೆಂದು ಗಡಿಬಿಡಿಯಲ್ಲಿ ಇಳಿಯುತ್ತಿದ್ದರು. ಕೊಂಡವರಲ್ಲಿ ಕೆಲವರು ಇಲ್ಲಿಯೇ ಇರಲೂ ತೊಡಗಿದರು. ನಸುಕಿಗೆ ಎದ್ದು ನಿಧಾನವಾಗಿ ಬದುಕುವುದು ಹೇಗೆ ಎಂಬ ತರಗತಿಗೆ ಓಡುವರು, ತಡವಾದರೆ ಗೇಟು ಹಾಕುತ್ತಿದ್ದರು. ಮಧ್ಯಾಹ್ನ ಅವರಿಗೆ ಮೀಟಿಂಗು. ಅವರ ಮನೆಯ ನಡುಕೋಣೆಯಲ್ಲಿ ನಮ್ಮವರೊಬ್ಬರು ಟೀಶರ್ಟು ಹಾಕಿಕೊಂಡು ಮಲಗಿರುತ್ತಿದ್ದರು. ಗೊರಕೆಯಿಂದ ಮೀಟಿಂಗಿಗೆ ತೊಂದರೆಯಾಗುತ್ತದೆ ಎಂದು ಅವರ ಸಂಘದವರು ದೂರು ಕೊಟ್ಟರು. ಗೊರಕೆ ನಿಲ್ಲಿಸಿದ ಮನೆಯೊಂದರಿಂದ ಸಮುದ್ರ ಎರಡು ಲ್ಯಾಪ್‌ಟಾಪು ಎತ್ತಿಕೊಂಡು ಹೋದ ಮೇಲೆ ದೂರು ವಾಪಸ್ಸು ತೆಗೆದುಕೊಂಡರು. ಗಟ್ಟಿ ಗೊರಕೆಯವರಿಗೆ ಬೇಡಿಕೆ ಬಂತು. ಮೀನು ಮಾರುತ್ತಿದ್ದವರು, ದೋಣಿ ರಿಪೇರಿಯವರು, ಕೊನೆಗೆ ಹೆಡ್‌ಮಾಸ್ತರರು ಕೂಡ ಕೆಲಸಕ್ಕೆ ಸೇರಿದರು. ಸಂಜೆ ಕಟ್ಟೆಯ ಮೇಲೆ ಕೂತು, ಇವತ್ತು ತುಂಬಾ ಕೆಲಸ, ಸುಸ್ತಾಯಿತು ಎನ್ನುವರು.

ನನಗೊಬ್ಬನಿಗೆ ನಿದ್ದೆ ಹೋಯಿತು. ಕಣ್ಣು ಮುಚ್ಚಿದರೆ ಯಾವ ಮನೆ ಯಾರಿಗೆ, ಯಾವ ಬಾವಿ ಯಾರ ಕಡೆಗೆ ಎಂಬುದೇ ಕುಣಿಯುತ್ತಿತ್ತು. ಅದರ ಚಿಂತೆ ನನಗಿರಲಿಲ್ಲ. ಮನೆಯಲ್ಲಿ ಜಲಜಾಕ್ಷಿ ಇದ್ದಳಲ್ಲ. ನನ್ನ ಅಪ್ಪ ಕಟ್ಟಿದ ಆ ಮನೆಯ ಅಡುಗೆಮನೆ ಬಾಗಿಲಲ್ಲಿ, ತವರಿನಿಂದ ತಂದ ಅದೇ ಮಣೆಯ ಮೇಲೆ ತಲೆಯಿಟ್ಟು, ಮುಂಬಾಗಿಲನ್ನು ನನಗಾಗಿ ತೆರೆದಿಟ್ಟು ಅವಳು ಮಲಗುತ್ತಿದ್ದಳು. ನಾನು ಯಾವತ್ತೂ ಆ ಹೊತ್ತಿಗೆ ಬರುತ್ತಿರಲಿಲ್ಲ. ಬಾಗಿಲು ಮಾತ್ರ ತೆರೆದೇ ಇರುತ್ತಿತ್ತು.

ಅಷ್ಟರಲ್ಲಿ ಕುಸುಮಕ್ಕ ಕೈ ಕೊಟ್ಟಳು. ಪ್ರಹ್ಲಾದ ಸರ್ ಅವಳು ಮಲಗುವ ಕೋಣೆಗೆ ಕ್ಯಾಮರಾ ಹಾಕಿಸಿದ್ದರು, ತಮ್ಮ ಊರಿನಲ್ಲಿ ಕೂತು ನೋಡುತ್ತಿದ್ದರು. "ಅಲುಗದೆ ಮಲಗಿದ್ರೆ ಫೋನ್ ಮಾಡಿ ಆರೋಗ್ಯ ಉಂಟಾ ಕೇಳ್ತಾರೆ, ಹೊರಳಿದ್ರೆ ಎಚ್ಚರ ಉಂಟಾ ಕೇಳ್ತಾರೆ. ನಾನು ಮಲಗುದು ಯಾವಾಗ ಮಾರಾಯಾ?" ಎಂದು ಟೀಶರ್ಟನ್ನು ನನ್ನ ಮೇಜಿನ ಮೇಲಿಟ್ಟು, ಬಸ್‌ಸ್ಟ್ಯಾಂಡಿನ ಹಿಂದಿನ ಬಾಡಿಗೆ ಕೋಣೆಗೆ ಹೋದಳು. ಪ್ರಹ್ಲಾದ ಸರ್ ನನ್ನ ಮೊದಲ ಗಿರಾಕಿ, ಅವರ ಮನೆ ತೋರಿಸಿಯೇ ಉಳಿದವನ್ನು ಮಾರುತ್ತಿದ್ದೆ. ಅದು ಒದ್ದೆಯಾದರೆ ನನ್ನ ಮಾತಿಗೆ ಮೂರು ಕಾಸಿನ ಬೆಲೆ ಇರುವುದಿಲ್ಲ. ಊರಿನಲ್ಲಿ ಮಲಗಲು ಯಾರೂ ಉಳಿದಿರಲಿಲ್ಲ. ಆ ಟೀಶರ್ಟನ್ನು ಮಡಚಿಕೊಂಡು ಜಲಜಾಕ್ಷಿಯ ಹತ್ತಿರ ಹೋದೆ.

ಇಲ್ಲಿ ಮಲಗುವವರು ಯಾರು ಎಂದು ಅವಳು ಕೇಳಿದಳು. ನಾನು ಎಂದೆ. ಅವಳು ನನ್ನ ಕಣ್ಣುಗಳನ್ನೇ ಸ್ವಲ್ಪ ಹೊತ್ತು ನೋಡಿ, ಮಣೆ ಎತ್ತಿಕೊಂಡು ಪಕ್ಕದ ಮನೆಗೆ ಹೋದಳು. ಅವಳಿಗೆ ಕ್ಯಾಮರಾ ಒಂದು ಲೆಕ್ಕವೇ ಅಲ್ಲ, ಮದುವೆಯ ದಿನ ನಾದಸ್ವರದ ಪಕ್ಕದಲ್ಲೇ ನಿದ್ದೆ ಮಾಡಿದವಳು.

ನಾನು ಅಡುಗೆಮನೆಯ ಬಾಗಿಲಲ್ಲಿ ಮಲಗಿದೆ. ಗಂಜಿ ಉಂಡು, ಮೊಸರು ಕುಡಿದು, ನೆತ್ತಿಗೆ ಎಣ್ಣೆ ತಟ್ಟಿಕೊಂಡಿದ್ದೆ. ನಿದ್ದೆ ಬರಲಿಲ್ಲ, ಸಮುದ್ರ ಬಂತು. ಪೊರಕೆ ತೆಗೆದುಕೊಂಡು ಹೋಯಿತು. ಮರುದಿನ ರೇಡಿಯೋದಲ್ಲಿ ಗೊಬ್ಬರದ ಬಗ್ಗೆ ಭಾಷಣ ಹಾಕಿ ಮಲಗಿದೆ. ಭಾಷಣ ಮುಗಿಯುವವರೆಗೂ ಸಮುದ್ರ ಕೇಳಿಸಿಕೊಂಡು, ಹೋಗುವಾಗ ರೇಡಿಯೋ ಎತ್ತಿಕೊಂಡಿತು. ಇನ್ನೊಂದು ದಿನ ಕಣ್ಣು ಮುಚ್ಚಿ ಸುಳ್ಳು ಗೊರಕೆ ಹೊಡೆದೆ. ಅದು ಮೆಟ್ಟಿಲ ಮೇಲೆ ನಿಂತು ತುಂಬಾ ಹೊತ್ತು ಆಲಿಸಿತು. ಗೆದ್ದೆ ಎಂದುಕೊಂಡು ಒಂದು ಕಣ್ಣು ತೆರೆದು ನೋಡಿದರೆ ನನ್ನ ಮುಖದ ಹತ್ತಿರವೇ ಇತ್ತು. ನನಗೆ ನಾಚಿಕೆಯಾಯಿತು, ಅದಕ್ಕೂ ಆದಂತೆ ಕಂಡಿತು. ಆ ದಿನ ಬರೀ ಒಂದು ಚಮಚ ತೆಗೆದುಕೊಂಡು ಹೋಯಿತು.

ಒದ್ದೆ ನೆಲವನ್ನು ಜಲಜಾಕ್ಷಿ ಬರುವ ಮೊದಲು ಒರೆಸುತ್ತಿದ್ದೆ, ನೆರೆಯವರಿಗೆ ನಲ್ಲಿ ಸೋರುತ್ತದೆ ಎನ್ನುತ್ತಿದ್ದೆ. ಮನೆ ಮಾರುವವನ ಮನೆಗೇ ನೀರು ನುಗ್ಗುತ್ತದೆ ಎಂದು ಗೊತ್ತಾದರೆ ಮುಗಿಯಿತಲ್ಲ. ಆದರೆ ಒಂದು ದಿನ ಬಾಗಿಲು ದಾಟುವಾಗ ಕಾಲಡಿಯಲ್ಲಿ ಹೊಸ್ತಿಲು ಅಲುಗಿತು. ಅಪ್ಪ ಕೂರಿಸಿದ ಹಲಸಿನ ಹೊಸ್ತಿಲು, ಹಾಲುಹಲ್ಲಿನ ಹಾಗೆ ಆಚೆ ಈಚೆ ಅಲುಗಿತು.

ಪ್ರಹ್ಲಾದ ಸರ್‌ಗೆ ಫೋನು ಮಾಡಿ, ನನಗೂ ನಿದ್ದೆ ಬರುವುದಿಲ್ಲ, ನನ್ನ ಹೆಂಡತಿಯನ್ನು ಬಿಟ್ಟುಕೊಡಿ ಎಂದು ಕೇಳಿದೆ. ಅವಳಷ್ಟು ಚೆನ್ನಾಗಿ ಮಲಗುವವರನ್ನು ತಾವು ನೋಡಿಯೇ ಇಲ್ಲ, ದಿನಾ ಮಧ್ಯಾಹ್ನ ಆಫೀಸಿನಲ್ಲಿ ಅವಳ ನಿದ್ದೆ ನೋಡಿದರೇ ತಮಗೆ ಸ್ವಲ್ಪ ಸಮಾಧಾನ, ಬಿಡುವುದು ಸಾಧ್ಯವಿಲ್ಲ ಎಂದರು. ಅವರ ಬಳಿ ಪರಿಹಾರ ಇತ್ತು. ನನ್ನ ಮನೆಯನ್ನೂ ಅವರಿಗೇ ಮಾರುವುದು. ನಡುವಿನ ಗೋಡೆ ಒಡೆದು ಎರಡನ್ನೂ ಒಂದೇ ಮಾಡಿಸುವುದು. ಒಂದೇ ಮನೆಗೆ ಒಂದೇ ನಿದ್ದೆ ಸಾಕು. ಜಲಜಾಕ್ಷಿ ಎಲ್ಲಿ ಮಲಗಿದರೂ ಹೊಸ್ತಿಲು ಎರಡೂ ಉಳಿಯುತ್ತವೆ. ಇದು ನಾನೇ ಹೇಳುವಂಥ ಮಾತಾಗಿತ್ತು, ಬೇರೆಯವರ ಬಾಯಲ್ಲಿ ಕೇಳಿ ಒಂದು ಥರ ಆಯಿತು. ಮನೆ ಉಳಿಸಲು ಮನೆ ಮಾರುತ್ತೇನೆ ಎಂದು ಒಪ್ಪಿಕೊಂಡೆ. ಜಲಜಾಕ್ಷಿಗೆ ಆಮೇಲೆ ಹೇಳಿದೆ, ದೊಡ್ಡ ಉಪಾಯ ಮಾಡಿದವನ ಹಾಗೆ. ಇನ್ನು ನಮ್ಮ ಮನೆಯಲ್ಲೇ ಸಂಬಳಕ್ಕೆ ಮಲಗಬಹುದು ಎಂದೆ. ಅವಳು ಅಕ್ಕಿ ಆರಿಸುತ್ತಿದ್ದಳು. "ಮೊದಲು ಎಲ್ಲಿ ಮಲಗ್ತಿದ್ದದ್ದು ನಾನು?" ಎಂದಳು.

ಪರೀಕ್ಷೆಯ ದಿನ ಪ್ರಹ್ಲಾದ ಸರ್ ಪರವಾಗಿ ಅವಳು ನಮ್ಮ ಜಗಲಿಯಲ್ಲಿ ಮಲಗಿದಳು. ಕುಸುಮಕ್ಕನೂ ನೋಡಲು ಬಂದು ಕಂಬಕ್ಕೆ ಒರಗಿ ಕೂತಿದ್ದಳು. ಕೊಗ್ಗಣ್ಣ ಜಲಜಾಕ್ಷಿಯ ಕಿವಿಯ ಹತ್ತಿರ ಬಾಗಿದ. ಹಲ್ಲಿನ ಸೆಟ್ಟು, ದೋಣಿ ಏನೂ ಹೇಳಲಿಲ್ಲ. "ಪದ್ಮನಾಭ ಮನೆ ಮಾರಿದ್ದು ಮೊದಲಂತೆ, ಹೆಂಡತಿಗೆ ಹೇಳಿದ್ದು ಆಮೇಲಂತೆ" ಎಂದ. ಎಲ್ಲರೂ ಅವಳ ರೆಪ್ಪೆ ನೋಡಿದರು. ನಾನೊಬ್ಬ ನೆಲ ನೋಡಿದೆ. ರೆಪ್ಪೆ ಅಲುಗಲಿಲ್ಲ. ಸಮುದ್ರ ಬೇಲಿಯ ತನಕ ಬಂದು, ನಿಂತು, ಹಿಂದೆ ಹೋಯಿತು. ಮಾರಾಟ ಆಯಿತು.

ಗೋಡೆ ಒಡೆದರು. ಕ್ಯಾಮರಾ ನಮ್ಮ ಅಡುಗೆಮನೆಗೆ ಬಂತು. ಹೊಸ ನಿಯಮದ ಪ್ರಕಾರ ಒಂದರಿಂದ ಮೂರರವರೆಗೆ ಬಾಗಿಲಿಗೆ ಒಳಗಿನಿಂದ ಚಿಲಕ, ಸಿಬ್ಬಂದಿ ಬಿಟ್ಟು ಬೇರೆಯವರಿಗೆ ಪ್ರವೇಶವಿಲ್ಲ. ಬೇರೆಯವರು ಎಂದರೆ ನಾನು. ಮಾರಲು ಊರಿನಲ್ಲಿ ಮತ್ತೇನೂ ಉಳಿಯದ್ದರಿಂದ ಆ ಹೊತ್ತಿಗೆ ನನಗೆ ಹೋಗಲು ಬೇರೆ ಜಾಗವೂ ಇರಲಿಲ್ಲ. ಬೇಲಿಯ ಹೊರಗೆ ಮರಳಿನ ಮೇಲೆ ಕೂರುತ್ತಿದ್ದೆ. ಸಮುದ್ರ ಬಂದು ನನ್ನ ಪಕ್ಕದಲ್ಲಿ ನಿಲ್ಲುತ್ತಿತ್ತು. ಇಡೀ ಊರಿನಲ್ಲಿ ಕೆಲಸವಿಲ್ಲದೆ ಎಚ್ಚರವಾಗಿರುವವರು ನಾವಿಬ್ಬರೇ. ಒಳಗೆ ಜಲಜಾಕ್ಷಿಯ ಗೊರಕೆ ಕೇಳುತ್ತಿತ್ತು. ಇಷ್ಟು ವರ್ಷ ತೆರೆದ ಬಾಗಿಲಿದ್ದಾಗ ಒಂದು ದಿನವಾದರೂ ಬಂದು ಅದನ್ನು ಕೇಳಿರಲಿಲ್ಲ. ಅಳು ಬರುವಷ್ಟು ಬೇಸರವಾಗುತ್ತಿತ್ತು.

ಒಂದು ಮಧ್ಯಾಹ್ನ ರೈಲಿನಿಂದ ಇಳಿದ ಗಂಡ ಹೆಂಡತಿ ಅದೇ ದಾರಿಯಲ್ಲಿ ಬಂದರು. ಮರಳಿನ ಮೇಲೆ ಸುಮ್ಮನೆ ಕೂತ ನನ್ನನ್ನು ನೋಡಿ ಹೆಂಗಸು ಫೋಟೋ ತೆಗೆದುಕೊಂಡರು. ಎಷ್ಟು ನಿಶ್ಚಿಂತೆಯ ಮನುಷ್ಯ ನೋಡಿ ಎಂದು ಗಂಡನಿಗೆ ಹೇಳಿದರು. ಆತ ನನ್ನ ಹತ್ತಿರ ಬಂದು, ಇಲ್ಲಿ ಯಾವುದಾದರೂ ಮನೆ ಮಾರಾಟಕ್ಕಿದೆಯೇ ಎಂದು ಕೇಳಿದರು. ಈ ಜೋಡಿಮನೆ ಚೆನ್ನಾಗಿದೆ, ಯಜಮಾನರು ಕೊಡುತ್ತಾರೆಯೇ ಎಂದರು. ನನ್ನ ಬಾಯಿ ಆಗಲೇ ತೆರೆದಿತ್ತು. ಆಗ ಒಳಗೆ ಗೊರಕೆ ನಿಂತಿತು. ಸಮುದ್ರ ಬೇಲಿ ದಾಟಿ ಮೊದಲ ಮೆಟ್ಟಿಲಿಗೆ ಬಂತು.

"ಇಲ್ಲ" ಎಂದೆ. "ಇಲ್ಲಿ ಮಾರುವಂಥದ್ದು ಎಂತದೂ ಇಲ್ಲ. ಮೆಲ್ಲ ಮಾತಾಡಿ."

ಅವರು ಮುಖ ಹುಳ್ಳಗೆ ಮಾಡಿಕೊಂಡು ಹೋದರು. ಸ್ವಲ್ಪ ಹೊತ್ತಿಗೆ ಗೊರಕೆ ಮತ್ತೆ ಶುರುವಾಯಿತು, ಸಮುದ್ರ ಮೆಟ್ಟಿಲು ಇಳಿಯಿತು.

ಮೂರು ಗಂಟೆಗೆ ಜಲಜಾಕ್ಷಿ ಚಿಲಕ ತೆಗೆದು ಹೊರಗೆ ಬಂದು ನನ್ನ ಪಕ್ಕದಲ್ಲಿ ಕೂತಳು. ಬಂದವರು ಯಾರು ಎಂದು ಕೇಳಿದಳು. ಗಿರಾಕಿಗಳು, ಇಲ್ಲ ಎಂದು ಕಳಿಸಿದೆ ಎಂದೆ. ಕೇಳಿಸಿತು ಎಂದಳು. ಆಮೇಲೆ ಸೀರೆಯ ಮರಳು ಕೊಡವುತ್ತಾ, "ಅವತ್ತು ಪರೀಕ್ಷೆಯ ದಿನ ಕೂಡ ಕೇಳಿಸಿತ್ತು. ನನಗೆಲ್ಲಿ ನಿದ್ದೆ ಬರ್ತದೆ ಅವತ್ತು? ಕಂಬಕ್ಕೆ ಒರಗಿ ನಿದ್ದೆ ಮಾಡಿದ್ದು ಕುಸುಮಕ್ಕ. ಸಮುದ್ರ ಹಿಂದೆ ಹೋದದ್ದು ಅವಳನ್ನು ನೋಡಿ" ಎಂದಳು. ಕೊಗ್ಗಣ್ಣನಿಗೆ ಇವತ್ತಿನವರೆಗೆ ಯಾರೂ ಮೋಸ ಮಾಡಿರಲಿಲ್ಲ. ನಮ್ಮ ಪದ್ಧತಿಯ ಲೆಕ್ಕದಲ್ಲಿ ಆ ಮಾರಾಟವೇ ಆಗಿಲ್ಲ. ಮತ್ತೆ ಯಾಕೆ ಎದ್ದು ಕೂರಲಿಲ್ಲ ಎಂದು ಕೇಳಿದೆ. "ಎಲ್ಲರ ಎದುರು ನಿಮ್ಮ ಮರ್ಯಾದೆ ಹೋಗ್ತಿತ್ತು" ಎಂದಳು.

ಮರುದಿನ ಅವಳು ಚಿಲಕ ಹಾಕಲಿಲ್ಲ. ಕ್ಯಾಮರಾವನ್ನು ಗೋಡೆಯ ಕಡೆಗೆ ತಿರುಗಿಸಿದಳು. ಬಸ್‌ಸ್ಟ್ಯಾಂಡಿನ ಹಿಂದಿನಿಂದ ಕುಸುಮಕ್ಕನನ್ನೂ ಕರೆತಂದಿದ್ದಳು, ಅವಳು ತನ್ನ ಹಳೆಯ ಕೋಣೆಗೆ ಹೋಗಿ ಮಲಗಿದಳು. ನಾನು ಹೊಸ್ತಿಲ ಒಳಗೆ, ಚಾಪೆಯ ತುದಿಯಲ್ಲಿ, ಕಳ್ಳನ ಹಾಗೆ ಮುದುಡಿಕೊಂಡೆ. ಯಾವ ಮನೆಯೂ ಯಾವ ಬಾವಿಯೂ ಕಣ್ಣ ಮುಂದೆ ಬರಲಿಲ್ಲ. ಮತ್ತೆ ಎಚ್ಚರವಾದದ್ದು ಫೋನಿನ ಸದ್ದಿಗೆ.

ಪ್ರಹ್ಲಾದ ಸರ್. ಕ್ಯಾಮರಾದಲ್ಲಿ ಬರೀ ಗೋಡೆ ಕಾಣುತ್ತಿದೆ, ಆದರೆ ಮೂರು ಗೊರಕೆ ಕೇಳುತ್ತಿದೆ, ತಾವು ಸಂಬಳ ಕೊಡುವುದು ಒಬ್ಬರಿಗೆ ಮಾತ್ರ ಎಂದು ಎಚ್ಚರಿಕೆ ಕೊಟ್ಟರು. ಉಳಿದೆರಡು ಪುಕ್ಕಟೆ ಎಂದೆ. ಅವರು ದನಿ ತಗ್ಗಿಸಿ, "ಒಂದು ಗೊರಕೆ ನಿಮ್ಮದಾ ಪದ್ಮನಾಭ್? ನಿಮಗೂ ನನ್ನ ಥರಾನೇ ನಿದ್ದೆ ಬರ್ತಿರಲಿಲ್ಲ ಅಂದಿದ್ರಲ್ಲ. ಹೇಗೆ ಬಂತು?" ಎಂದು ಕೇಳಿದರು.

"ಮೊದಲು ಮನೆ ಮಾರ್ಬೇಕು ಸರ್" ಎಂದೆ. "ನನಗೆ ಹಾಗೇ ಬಂದದ್ದು."

ತಗೊಳ್ಳುವವರು ಬೇಕಲ್ಲ ಎಂದರು. ದನಿಯಲ್ಲಿ ಆಸೆಯಿತ್ತು. ಇದ್ದಾರೆ, ಎರಡು ಭಾಗಕ್ಕೆ ಇಬ್ಬರು ಹೆಂಗಸರು, ದರದ ಮಾತು ನನಗೆ ಬಿಡಿ ಎಂದೆ. ಆದರೆ ಪದ್ಧತಿಯ ಪ್ರಕಾರ ಪರೀಕ್ಷೆ ಆಗಬೇಕು, ಕೊಗ್ಗಣ್ಣನನ್ನು ಕರೆಸಬೇಕು ಎಂದೂ ಹೇಳಿದೆ. ಜಲಜಾಕ್ಷಿ ಅಷ್ಟರಲ್ಲಿ ಎದ್ದು, ಚಾಪೆ ಕೊಡವಿ, ಗೋಡೆ ಒಡೆದ ಜಾಗದಲ್ಲಿ ಎಲ್ಲಿ ಕಲ್ಲು ಇಡಬೇಕೆಂದು ಕಾಲಿನಿಂದ ಗೆರೆ ಎಳೆಯುತ್ತಿದ್ದಳು.

"ಈ ಸಲ ನಿಜವಾಗಿ ನಿದ್ದೆ ಮಾಡ್ತೇನೆ ಅಂತ ಹೇಳಿ ಅವರಿಗೆ" ಎಂದಳು.